ಅಪ್ಪನ ಖಾತೆ, ಮನೆಯ ಸಾಲ: ತೀರಿಸಬೇಕಾದವರು ಯಾರು?

ಸಿಂಧನೂರು ತಾಲೂಕಿನ ಮುಕ್ಕುಂದದಂಥ ಊರಲ್ಲಿ ಯಾವ ಮನೆಗಾದರೂ ಹೋಗಿ ನೋಡಿ. ಪಹಣಿ ಅಪ್ಪನ ಹೆಸರಲ್ಲಿರುತ್ತದೆ. ಬೆಳೆಸಾಲದ ಕಿಸಾನ್ ಕಾರ್ಡ್ ಕೂಡ ಅಪ್ಪನದೇ. ಆದರೆ ಪಿನ್ ನಂಬರ್ ಗೊತ್ತಿರುವುದು ಮಗನಿಗೆ, ಬ್ಯಾಂಕಿನ ಮೆಸೇಜ್ ಬರುವುದೂ ಮಗನ ಫೋನಿಗೆ. ದುಡ್ಡು ಗೊಬ್ಬರದ ಅಂಗಡಿಗೆ ಹೋಗುತ್ತದೆ, ತಂಗಿಯ ಮದುವೆಗೆ ಹೋಗುತ್ತದೆ, ಆಸ್ಪತ್ರೆಗೂ ಹೋಗುತ್ತದೆ. ಒಂದು ದಿನ ಅಪ್ಪ ಇಲ್ಲವಾದರೆ ಆ ಸಾಲ ಯಾರದು?

ಇದು ಹಳೆಯ ಪ್ರಶ್ನೆ. ಇದಕ್ಕೆ ಉತ್ತರ ಬರೆದವರಲ್ಲಿ ದೊಡ್ಡ ಹೆಸರು ನಮ್ಮ ಕಲ್ಯಾಣ ಕರ್ನಾಟಕದ್ದೇ. ಆರನೇ ವಿಕ್ರಮಾದಿತ್ಯ (1076–1126) ಕಲ್ಯಾಣದಲ್ಲಿ ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಕಲಬುರಗಿ ಜಿಲ್ಲೆಯ ಮರತೂರು ಅವನ ಊರು ಎನ್ನುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಈ ವ್ಯಾಖ್ಯಾನವೇ ಮುಂದೆ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಕಾನೂನಿಗೆ ಬುನಾದಿಯಾಯಿತು.

ಅಲ್ಲಿನ ಸಾಲದ ನಿಯಮಗಳನ್ನು ಇವತ್ತು ಓದಿದರೂ ಆಶ್ಚರ್ಯವಾಗುತ್ತದೆ. ಕೂಡಿದ ಮನೆಯಲ್ಲಿ ಸಂಸಾರಕ್ಕೆಂದು ಮಾಡಿದ ಸಾಲವನ್ನು ಯಜಮಾನ ತೀರಿಕೊಂಡರೂ ಆಸ್ತಿಯ ಪಾಲುದಾರರು ತೀರಿಸಬೇಕು. ಅಪ್ಪ ಕುಡಿತಕ್ಕೋ ಜೂಜಿಗೋ ಮಾಡಿದ ಸಾಲ ಮಗನಿಗೆ ತಗಲುವುದಿಲ್ಲ. ಗಂಡನ ಸಾಲ ಹೆಂಡತಿಗಿಲ್ಲ. ಆದರೆ ಅವಳು ಒಪ್ಪಿಕೊಂಡಿದ್ದರೆ ಅಥವಾ ಗಂಡನ ಜೊತೆ ಸೇರಿ ತಂದಿದ್ದರೆ ಅವಳೂ ಕೊಡಬೇಕು. ಅಂದರೆ ಸಾಲ ತಂದವರು ಯಾರು ಎನ್ನುವುದರ ಜೊತೆಗೆ ಯಾತಕ್ಕೆ ತಂದರು, ಯಾರು ಒಪ್ಪಿದರು ಎಂದೂ ಆಗಲೇ ಕೇಳುತ್ತಿದ್ದರು.

ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ನಂಬಿಕೆ ಬ್ರಿಟಿಷರ ಕೋರ್ಟುಗಳಲ್ಲಿ ಗಟ್ಟಿ ಕಾನೂನಾಯಿತು. ಅಪ್ಪ ಬದುಕಿರುವಾಗಲೇ ಅವನ ಸಾಲಕ್ಕೆ ಮಗನ ಪಾಲಿನ ಹೊಲವೂ ಹರಾಜಾಗುವಂತಾಯಿತು.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸೊಸೈಟಿ ಕಟ್ಟಿದರು. ಆ ಕಾಯ್ದೆಯಲ್ಲಿ ಹಳ್ಳಿ ಸಂಘಗಳಿಗೆ ಮಿತಿಯಿಲ್ಲದ ಹೊಣೆ ಇತ್ತು. ಸಂಘ ಮುಳುಗಿದರೆ ಅದರ ಸಾಲಕ್ಕೆ ಸದಸ್ಯರೆಲ್ಲರ ಸ್ವಂತ ಆಸ್ತಿಯೂ ಜವಾಬ್ದಾರಿ. ಮನೆಯ ಖಾತೆ ಊರ ಖಾತೆಯಾದಂತೆ. ನಮ್ಮ ಸೀಮೆ ಆಗ ನಿಜಾಮರ ರಾಜ್ಯದಲ್ಲಿತ್ತು. ಇಲ್ಲಿ ರೈತನ ಲೆಕ್ಕ ಹೆಚ್ಚಾಗಿ ಇದ್ದದ್ದು ಸಾವ್ಕಾರನ ಖಾತೆ ಪುಸ್ತಕದಲ್ಲಿ. ಬರೆದವನೂ ಅವನೇ, ಓದಿ ಹೇಳುವವನೂ ಅವನೇ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಬಿಟ್ಟ ಮೇಲೆ ಎಡದಂಡೆ ಕಾಲುವೆಯ ಸೀಮೆ ನಿಧಾನಕ್ಕೆ ಬದಲಾಯಿತು. ಜೋಳ ಬಿತ್ತಿದ ಹೊಲ ಭತ್ತದ ಗದ್ದೆಯಾಯಿತು. ಜೋಳಕ್ಕೆ ಮನೆಯ ಬೀಜ, ಮನೆಯ ಗೊಬ್ಬರ ಸಾಕಿತ್ತು. ಭತ್ತಕ್ಕೆ ಎಲ್ಲವೂ ಕೊಂಡು ತರಬೇಕು. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಶುರುವಾಯಿತು. 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಬಂತು. ಒಮ್ಮೆ ಮಿತಿ ಮಂಜೂರಾದರೆ ಬೇಕಾದಾಗ ತೆಗೆದು, ಬೆಳೆ ಬಂದಾಗ ಕಟ್ಟಬಹುದು. ಆದರೂ ಗೊಬ್ಬರದ ಅಂಗಡಿಯ ಉದ್ರಿ, ದಲಾಲಿ ಅಂಗಡಿಯ ಮುಂಗಡ ನಿಲ್ಲಲಿಲ್ಲ.

2005ರ ಸೆಪ್ಟೆಂಬರ್ 9ರಂದು ಒಂದು ದೊಡ್ಡ ಬದಲಾವಣೆ ಆಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಎಂದರೆ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟದ್ದು ಎಂದಷ್ಟೇ ಎಲ್ಲರಿಗೂ ನೆನಪು. ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಹೇಳಿತು: ಆ ದಿನದ ನಂತರದ ಸಾಲಗಳಿಗೆ, ಬರೀ 'ಮಗನ ಧರ್ಮ' ಎಂಬ ಕಾರಣಕ್ಕೆ ಮಗ, ಮೊಮ್ಮಗ, ಮರಿಮಗನಿಂದ ವಸೂಲಿ ಮಾಡುವ ಹಕ್ಕನ್ನು ಕೋರ್ಟು ಒಪ್ಪುವುದಿಲ್ಲ.

ಹಾಗೆಂದು ಸಾಲ ಮಾಯವಾಗುವುದಿಲ್ಲ. ಅಪ್ಪ ಬಿಟ್ಟುಹೋದ ಆಸ್ತಿ ನಿಮ್ಮ ಕೈಗೆ ಬಂದಿದ್ದರೆ, ಆ ಆಸ್ತಿಯ ಬೆಲೆಯಷ್ಟರ ಮಟ್ಟಿಗೆ ಸಾಲಗಾರ ಕೇಳಬಹುದು. ನಿಮ್ಮ ಸ್ವಂತ ದುಡಿಮೆಗೆ ಕೈ ಹಾಕುವಂತಿಲ್ಲ. ಆದರೆ ಜಂಟಿ ಸಾಲಗಾರ ಅಥವಾ ಜಾಮೀನುದಾರ ಎಂದು ಸಹಿ ಹಾಕಿದ್ದರೆ ಮಾತು ಬೇರೆ. 1872ರ ಕರಾರು ಕಾಯ್ದೆಯಂತೆ ಪೂರ್ತಿ ಸಾಲ ನಿಮ್ಮೊಬ್ಬರಿಂದಲೇ ಕೇಳಬಹುದು. ಪಟ್ಟಣದ ಕ್ರೆಡಿಟ್ ಕಾರ್ಡಿನ ಲೆಕ್ಕ ಇನ್ನೊಂದು ಥರ. ಅಣ್ಣನ ಕಾರ್ಡಿನ ಮೇಲೆ ತಮ್ಮ ಆಡ್-ಆನ್ ಕಾರ್ಡ್ ತೆಗೆದುಕೊಂಡು ಖರ್ಚು ಮಾಡಿದರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕಿಗೆ ಹೊಣೆ ಅಣ್ಣನೇ.

ನಮ್ಮ ಕಡೆ ಅಪ್ಪ ತೀರಿಕೊಂಡ ಮನೆಗೆ ಮೂರನೇ ದಿನವೇ ಸಾಲ ಕೊಟ್ಟವರು ಬಂದು ಕೂರುವುದುಂಟು. ಅವ್ವ ಹೆದರಿ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾಳೆ. ಅಲ್ಲಿಯವರೆಗೆ ಗಂಡನದಾಗಿದ್ದ ಸಾಲ ಆ ಒಂದು ಹೆಬ್ಬೆಟ್ಟಿನಿಂದ ಅವಳದಾಗಬಹುದು. ಕಾಗದ ಓದಿಸಿಕೊಳ್ಳುವ ತನಕ ಕಾಯಬೇಕು.

ಅದಕ್ಕೂ ಮೊದಲು ಆಗಬೇಕಾದ ಕೆಲಸ ಮನೆಯೊಳಗಿದೆ. ಅಪ್ಪ ಇರುವಾಗಲೇ ಒಂದು ಸಂಜೆ ಪಾಸ್‌ಬುಕ್, ಅಂಗಡಿಯ ಉದ್ರಿ ಚೀಟಿ ಎಲ್ಲ ತೆಗೆದು ಅವ್ವನ ಮುಂದೆ ಕೂತು ಓದಿ. ಯಾವುದು ಯಾರ ಹೆಸರಲ್ಲಿದೆ, ಯಾರ ಸಹಿ ಎಲ್ಲಿದೆ ಎನ್ನುವುದು ಮನೆಯವರೆಲ್ಲರಿಗೂ ಗೊತ್ತಿರಲಿ.