ಶಾಸ್ತ್ರದಾನವೂ ಪ್ರಕಾಶನಶುಲ್ಕವೂ: ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಇತಿಹಾಸದಿಂದ ಒಂದು ವಿಚಾರ

ವಿದ್ಯಾಧನವು ವ್ಯಯಮಾಡಿದಷ್ಟೂ ವೃದ್ಧಿಹೊಂದುವುದೆಂದು ಪೂರ್ವಿಕರು ಹೇಳಿರುವರು. ಆದರೆ ಆ ವಿದ್ಯೆಯನ್ನು ಹೊತ್ತಿರುವ ಓಲೆ, ಮಸಿ, ಕಾಗದ, ಅಚ್ಚಿನ ಮೊಳೆ ಇವುಗಳು ವ್ಯಯದಿಂದ ಕ್ಷಯಿಸತಕ್ಕವುಗಳೇ ಸರಿ. ಅವುಗಳ ಬೆಲೆಯನ್ನು ಯಾರಾದರೊಬ್ಬರು ತೆರಲೇಬೇಕು. ಓದುವವನು ತೆರಬೇಕೆ, ಬರೆದವನು ತೆರಬೇಕೆ, ಇವರಿಬ್ಬರೂ ಅಲ್ಲದ ಮೂರನೆಯವನು ತೆರಬೇಕೆ ಎಂಬುದು ವಿದ್ವತ್ಪತ್ರಿಕೆಗಳ ವಿಷಯದಲ್ಲಿ ಇಂದು ಲೋಕವ್ಯಾಪಿಯಾದ ವಿವಾದವಾಗಿದೆ. ಈ ಪ್ರಶ್ನೆಗೆ ದಕ್ಷಿಣ ಕನ್ನಡದ ಮೂಡಬಿದಿರೆಯ ಇತಿಹಾಸವು ಯಾವ ಉತ್ತರವನ್ನು ಕೊಡುವುದೆಂಬುದನ್ನು ಇಲ್ಲಿ ವಿಚಾರಿಸೋಣ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧದಾನಗಳನ್ನು ಜೈನರು ಗೃಹಸ್ಥಧರ್ಮದಲ್ಲಿ ಎಣಿಸಿರುವರು. ಹಸಿದವನಿಗೆ ಅನ್ನವನ್ನಿಕ್ಕುವುದೂ ಓದತಕ್ಕವನಿಗೆ ಗ್ರಂಥವನ್ನು ಬರೆಯಿಸಿ ಕೊಡುವುದೂ ಒಂದೇ ಪಂಕ್ತಿಗೆ ಸೇರಿದ ಪುಣ್ಯಗಳಾಗಿದ್ದುವು. 10ನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ದಾನಮಾಡಿದ ಸಂಗತಿಯು ಕನ್ನಡಿಗರೆಲ್ಲರಿಗೂ ವಿದಿತವೇ ಆಗಿದೆ. ಮೂಡಬಿದಿರೆಯ ಮಹಾಬಂಧದ ಓಲೆಪ್ರತಿಯನ್ನು ಮಲ್ಲಿಕಬ್ಬೆಯೆಂಬವಳು ಪಂಚಮೀವ್ರತದ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಸಮರ್ಪಿಸಿದಳೆಂದು ಅದರ ಪ್ರಶಸ್ತಿಯಿಂದ ತಿಳಿದುಬರುತ್ತದೆ. ಇಲ್ಲಿ ವ್ಯಯವು ದಾತೃವಿನದು, ಲಿಪಿಕಾರನಿಗೆ ವೇತನವುಂಟು, ಓದುವ ಮುನಿಗೆ ಯಾವ ಭಾರವೂ ಇಲ್ಲ. ಗ್ರಂಥಕರ್ತನಿಂದ ಹಣವನ್ನು ಕೇಳುವ ಮಾತಂತೂ ಈ ಕ್ರಮದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಮೂಡಬಿದಿರೆಯ ಗುರುಬಸದಿಗೆ ಸಿದ್ಧಾಂತಬಸದಿಯೆಂಬ ಹೆಸರು ಬಂದುದು ಅಲ್ಲಿ ರಕ್ಷಿತವಾದ ಧವಲ, ಜಯಧವಲ, ಮಹಾಧವಲಗಳೆಂಬ ಗ್ರಂಥಗಳಿಂದ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಟೀಕೆಯೇ ಧವಲ. ಗುಣಧರರ ಕಷಾಯಪ್ರಾಭೃತಕ್ಕೆ ವೀರಸೇನರು ಆರಂಭಿಸಿದ ಟೀಕೆಯಾದ ಜಯಧವಲವನ್ನು ಶಿಷ್ಯರಾದ ಜಿನಸೇನರು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ ಮುಗಿಸಿದರು. ಷಟ್ಖಂಡಾಗಮದ ಆರನೆಯ ಖಂಡವಾದ ಮಹಾಬಂಧಕ್ಕೆ ಮಹಾಧವಲವೆಂದು ರೂಢಿ. ಭಾಷೆ ಬಹುಮಟ್ಟಿಗೆ ಪ್ರಾಕೃತ, ಲಿಪಿ ಹಳಗನ್ನಡ. ಇವುಗಳ ಪ್ರಾಚೀನ ಪ್ರತಿಗಳು ಮೂಡಬಿದಿರೆಯೊಂದರಲ್ಲಿಯೇ ಉಳಿದಿದ್ದುವು. ಆದರೆ ಕಾಲಕ್ರಮದಲ್ಲಿ ಅವು ಅಧ್ಯಯನದ ವಸ್ತುಗಳಾಗಿರದೆ ದರ್ಶನದ ವಸ್ತುಗಳಾದುವು. ಯಾತ್ರಿಕರು ಕೈಮುಗಿದು ಹೋಗುತ್ತಿದ್ದರೇ ಹೊರತು ಓದುವವರಿರಲಿಲ್ಲ.

19ನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಮೊದಲಾದವರು ಪ್ರತಿಲಿಪಿಗಾಗಿ ಚಂದಾ ಕೂಡಿಸಿದರು. 1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಆರಂಭಿಸಿದ ಕಾರ್ಯವು ಇತರ ಲಿಪಿಕಾರರ ಕೈಗಳಿಂದ ಮುಂದುವರಿದು, ಲೋಕನಾಥ ಶಾಸ್ತ್ರಿಗಳು ಬರೆದ ಮಹಾಧವಲದ ನಾಗರೀ ಪ್ರತಿಯೊಡನೆ 1922ರಲ್ಲಿ ಮುಗಿಯಿತು. 26 ವರ್ಷಗಳ ಈ ಪರಿಶ್ರಮದ ಫಲವು ಮೂಡಬಿದಿರೆಯನ್ನು ಬಿಟ್ಟು ಹೊರಗೆ ಹೋಗಕೂಡದೆಂಬುದು ಅಲ್ಲಿಯವರ ನಿರ್ಬಂಧವಾಗಿತ್ತು. ಆದರೆ ಗಜಪತಿ ಉಪಾಧ್ಯಾಯರು ಮನೆಯಲ್ಲಿ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದ್ದರು. ಅದು 1915ರಲ್ಲಿ ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈಸೇರಿತು. ಅಲ್ಲಿ ನಾಗರಿಗೆ ಇಳಿದ ಪ್ರತಿಯಿಂದಲೇ ಉತ್ತರದೇಶದ ಭಾಂಡಾರಗಳಿಗೆ ಬೇರೆ ಬೇರೆ ಪ್ರತಿಗಳು ಹಬ್ಬಿದುವು. ಉಪಾಧ್ಯಾಯರ ನಡತೆಯನ್ನು ಕೆಲವರು ನಿಂದಿಸುವರು, ಕೆಲವರು ವಂದಿಸುವರು. ಇತಿಹಾಸಕಾರನು ಇಷ್ಟನ್ನು ಮಾತ್ರ ಹೇಳಬಹುದು: ಧರ್ಮದ ಬಾಗಿಲು ಮುಚ್ಚಿದ್ದರೆ ವಿದ್ಯೆಯು ಹಿತ್ತಿಲ ಬಾಗಿಲಿನಿಂದ ಹೋಗುತ್ತದೆ.

ಮುದ್ರಣಕ್ಕೆ ಪುನಃ ದಾನವೇ ಆಧಾರವಾಯಿತು. ಭೇಲಸಾ ನಗರದ ಸೇಠ್ ಲಕ್ಷ್ಮೀಚಂದ್ರರು ಕೊಟ್ಟ ನಿಧಿಯಿಂದ ಅಮರಾವತಿಯ ಪ್ರೊಫೆಸರ್ ಹೀರಾಲಾಲ ಜೈನರು ಧವಲದ ಮೊದಲನೆಯ ಸಂಪುಟವನ್ನು 1939ರಲ್ಲಿ ಹೊರಡಿಸಿದರು. ನಮ್ಮ ಸದಲಗಾ ಗ್ರಾಮದವರಾದ ಡಾ. ಆ. ನೇ. ಉಪಾಧ್ಯೇ ಅವರು ಸಹಕರಿಸಿದರು. ಒಟ್ಟು 16 ಸಂಪುಟಗಳಾದುವು. ಆರಂಭದ ಸಂಪುಟಗಳನ್ನು ಕಂಡ ಬಳಿಕ ಮೂಡಬಿದಿರೆಯವರೂ ಮೂಲದ ಓಲೆಗಳೊಡನೆ ಪಾಠವನ್ನು ಹೋಲಿಸಲು ಸಮ್ಮತಿಸಿದರು. ಜಯಧವಲದ ಪ್ರಕಟಣೆಯು 1944ರಲ್ಲಿ ಮಥುರೆಯಿಂದಲೂ ಮಹಾಬಂಧದ ಪ್ರಕಟಣೆಯು 1947ರಲ್ಲಿ ಭಾರತೀಯ ಜ್ಞಾನಪೀಠದಿಂದಲೂ ಮೊದಲಾದುವು. 1948ರಲ್ಲಿ ಜ್ಞಾನಪೀಠವು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರಗ್ರಂಥಗಳ ಸೂಚಿಯನ್ನೂ ಪ್ರಕಟಿಸಿತು. ಈ ಪಂಡಿತರಲ್ಲಿ ಯಾರೊಬ್ಬರಿಗೂ ‘ನಿಮ್ಮ ಶ್ರಮವು ಅಚ್ಚಾಗಬೇಕಾದರೆ ಮೊದಲು ಹಣವನ್ನಿಡಿರಿ’ ಎಂದು ಹೇಳಿದವರಿರಲಿಲ್ಲ.

ಈಗಿನ ಸ್ಥಿತಿಯನ್ನು ಇದರೊಡನೆ ಹೋಲಿಸಿ ನೋಡತಕ್ಕದ್ದು. ದುಬಾರಿಯಾದ ಚಂದಾ ತೆರಲಾರದ ಓದುಗನಿಗೆ ವಿದ್ವತ್ಪತ್ರಿಕೆಗಳು ತೆರೆದಿರಬೇಕೆಂಬ ಘೋಷಣೆಯು 2002ರಲ್ಲಿ ಬುಡಾಪೆಸ್ಟ್ ನಗರದ ಹೆಸರಿನಲ್ಲಿ ಹೊರಟಿತು. ಉದ್ದೇಶವು ಸ್ತುತ್ಯವಾದುದು. ಆದರೆ ಅನೇಕ ದೊಡ್ಡ ಪ್ರಕಾಶಕರು ಓದುಗನಿಗೆ ಬಿಟ್ಟ ಹಣವನ್ನು ಲೇಖನ ಸಂಸ್ಕರಣ ಶುಲ್ಕವೆಂಬ ಹೆಸರಿನಿಂದ ಬರೆದವನ ಮೇಲೆ ಹೊರಿಸಿದರು. ‘ನೇಚರ್’ ಪತ್ರಿಕೆಯು 2021ರಿಂದ ಮುಕ್ತಪ್ರಕಟನೆಗೆ ಗೊತ್ತುಮಾಡಿದ ಶುಲ್ಕವು 9,500 ಯೂರೋ ಆಗಿತ್ತು; ಅಂದಿನ ದರದಲ್ಲಿ ಎಂಟು ಲಕ್ಷ ರೂಪಾಯಿಗಳಿಗೂ ಮೀರಿದ ಮೊತ್ತ. ಇದು ಪರಮಾವಧಿಯ ಉದಾಹರಣೆಯೆಂಬುದು ನಿಜ. ಆದರೂ ಇದರಲ್ಲಿ ಕಾಲುಪಾಲಾದರೂ ನಮ್ಮ ಅಧ್ಯಾಪಕನಿಗೆ ದುಸ್ಸಹವೇ. ಬಡದೇಶಗಳಿಗೆ ವಿನಾಯಿತಿಯುಂಟು. ಆದರೆ ಹಲವು ಪ್ರಕಾಶಕರು ಅನುಸರಿಸುವ ‘ರಿಸರ್ಚ್ ಫಾರ್ ಲೈಫ್’ ಪಟ್ಟಿಯಲ್ಲಿ ಭಾರತದ ಹೆಸರಿಲ್ಲ. ದೇಶದ ಒಟ್ಟು ಉತ್ಪನ್ನವು ದೊಡ್ಡದು, ತಲೆಗೆ ಬರುವ ಪಾಲು ಸಣ್ಣದು. ಕೇಂದ್ರ ಮಂತ್ರಿಮಂಡಲವು 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ 3 ವರ್ಷಗಳಿಗೆ 6,000 ಕೋಟಿ ರೂಪಾಯಿ ಮೀಸಲಾಗಿದೆ. ಸರ್ಕಾರಿ ವಿದ್ಯಾಸಂಸ್ಥೆಗಳ ಓದುಗರಿಗೆ ಇದರಿಂದ ಮಹೋಪಕಾರವಾಗುವುದು. ಆದರೆ ಇದು ಮುಖ್ಯವಾಗಿ ಓದುವ ಬಾಗಿಲು, ಬರೆಯುವ ಬಾಗಿಲಲ್ಲ.

ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹವನ್ನಾಗಲಿ, ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಹಸ್ತಪ್ರತಿಗಳನ್ನಾಗಲಿ, 1604ರ ವೇಣೂರಿನ ಗೊಮ್ಮಟವನ್ನಾಗಲಿ, ಮೂಡಬಿದಿರೆಯ ಮಠದ ಓಲೆಗಳನ್ನಾಗಲಿ ಪರಿಶೋಧಿಸತಕ್ಕ ವಿದ್ವಾಂಸನು ಪ್ರಾಯಶಃ ಸ್ಥಳೀಯ ಕಾಲೇಜಿನ ಅಧ್ಯಾಪಕನು, ಇಲ್ಲವೇ ಯಾವ ಸಂಸ್ಥೆಗೂ ಸೇರದ ಗೃಹಸ್ಥನು. ಆಧಾರವು ಅವನ ಊರಿನಲ್ಲಿದೆ, ಭಾಷೆ ಅವನದು. ಶುಲ್ಕವನ್ನು ಕೇಳುವ ಪತ್ರಿಕೆಗಳಲ್ಲಿ ಅದನ್ನು ತೆರದೆ ಅವನ ಲೇಖನವು ಲೋಕಕ್ಕೆ ತೆರೆಯಲಾರದು. ಅದೇ ವಿಷಯದಲ್ಲಿ ಶ್ರೀಮಂತ ವಿಶ್ವವಿದ್ಯಾಲಯದವನು ಬರೆದುದು ತೆರೆಯುತ್ತದೆ. ಮುಂದಿನವರು ತೆರೆದಿರುವುದನ್ನೇ ಓದುವರು, ಅದನ್ನೇ ಪ್ರಮಾಣವೆಂದು ಎತ್ತಿಹೇಳುವರು. ಹೀಗೆ ನಮ್ಮ ನಾಡಿನ ಇತಿಹಾಸವು ನಮ್ಮವರಿಲ್ಲದೆಯೇ ಬರೆಯಲ್ಪಡುವ ಅಪಾಯವಿದೆ.

ಪರಿಷ್ಕರಣ, ಮುದ್ರಣ, ಸಂರಕ್ಷಣಗಳಿಗೆ ಖರ್ಚಿಲ್ಲವೆ ಎಂದು ಕೇಳಬಹುದು. ಖರ್ಚುಂಟು, ಅದನ್ನು ಹೊರತಕ್ಕವರು ಯಾರೆಂಬುದೇ ಪ್ರಶ್ನೆ. ದಾನಕ್ರಮವೂ ನಿರ್ದೋಷವಾದುದಲ್ಲ. ಹಣವಿದ್ದರೂ ಒಡೆಯರ ಮನಸ್ಸು ತೆರೆಯದಿದ್ದರೆ ಗ್ರಂಥವು ಪೆಟ್ಟಿಗೆಯಲ್ಲಿಯೇ ಉಳಿಯುವುದೆಂಬುದಕ್ಕೆ 1896ರಿಂದ 1922ರ ವರೆಗಿನ ಪ್ರತಿಗಳೇ ಸಾಕ್ಷಿ. ಆದುದರಿಂದ ವ್ಯಯವು ಸಮಾಜದ್ದಾಗಿ ನಿರ್ಣಯವು ವಿದ್ವಾಂಸರದ್ದಾಗಿರುವ ವ್ಯವಸ್ಥೆಯೇ ಯುಕ್ತವಾದುದು. ಇದು ಅಸಾಧ್ಯವೂ ಅಲ್ಲ. ಬ್ರೆಜಿಲ್ ದೇಶದಲ್ಲಿ 1998ರಲ್ಲಿ ಆರಂಭವಾದ ‘ಸೈಎಲೋ’ ಸಾರ್ವಜನಿಕ ಧನದಿಂದ ನಡೆದು ನೂರಾರು ಪತ್ರಿಕೆಗಳನ್ನು ಓದುಗರಿಗೆ ತೆರೆದಿರಿಸಿದೆ. ನಮ್ಮ ವಿಶ್ವವಿದ್ಯಾಲಯಗಳೂ ಪರಿಷತ್ತುಗಳೂ ಮಠಗಳೂ ತಮ್ಮ ಪತ್ರಿಕೆಗಳನ್ನು ಲೇಖಕನಿಂದಲೂ ಓದುಗನಿಂದಲೂ ಶುಲ್ಕವನ್ನೆತ್ತದೆ ನಡೆಯಿಸುವುದಾದರೆ, ಅದು ಹೊಸತೊಂದು ಉಪಕ್ರಮವೇನೂ ಆಗದು. ಪೂರ್ವದಲ್ಲಿ ಬರೆದವನಿಗೆ ಕೊಡುತ್ತಿದ್ದರು. ಈಗ ಬರೆದವನಿಂದ ತೆಗೆದುಕೊಳ್ಳುತ್ತಾರೆ. ಈ ವ್ಯತ್ಯಾಸವನ್ನು ನಮ್ಮ ಸಂಸ್ಥೆಗಳ ಅಧಿಕಾರಿಗಳು ಗಮನಕ್ಕೆ ತಂದುಕೊಳ್ಳಬೇಕೆಂದು ಪ್ರಾರ್ಥನೆ.