ಮೋಟಾರು ಕೇಳಿದಷ್ಟು

"ನಮ್ಮನಿಗೆ ಎಷ್ಟು ದೊಡ್ಡ ಜನರೇಟರ್ ಬೇಕಾಗ್ತು ಮಾರಾಯ?" ಎಂದು ಕೇಳಿಕೊಂಡು ಅಂಗಡಿಗೆ ಬಂದವರಿಗೆ ನಮ್ಮಪ್ಪ ಒಂದೇ ಮರುಪ್ರಶ್ನೆ ಹಾಕುತ್ತಿದ್ದರು: "ಹೆಗಡೇರೇ, ಮನೇಲಿ ಮೋಟಾರು ಏನೇನಿದೆ ಅದನ್ನ ಮೊದ್ಲು ಹೇಳಿ." ಕೋಣೆ ಎಷ್ಟು, ದೀಪ ಎಷ್ಟು ಎಂದು ವಿಚಾರಿಸಿದ್ದು ನಾನು ಕೇಳಿಲ್ಲ. ಸಾಗರದ ಪೇಟೆಯಲ್ಲಿ ನಮ್ಮದು ಮೋಟಾರ್ ರೀವೈಂಡಿಂಗ್ ಅಂಗಡಿ. ಸುಟ್ಟ ಪಂಪು, ಸುಟ್ಟ ಮಿಕ್ಸಿ, ಹೊಗೆ ಬಂದ ಗ್ರೈಂಡರು, ಇವುಗಳ ಜೊತೆಗೆ ಹಗ್ಗ ಎಳೆದರೂ ಏಳದ ಜನರೇಟರು. ಅಪ್ಪನ ನಂತರ ಬೆಂಚು ನನ್ನದಾಯಿತು. ಅಲ್ಲಿ ಕೂತು ನೋಡಿದವನಿಗೆ ಈ ಸೀಮೆಯ ಮನೆಗಳ ಜನರೇಟರಿನ ಕತೆಯೆಂದರೆ ಮನೆಯೊಳಗೆ ಒಂದೊಂದೇ ಮೋಟಾರು ಹೊಕ್ಕ ಕತೆ.

ಮೈಸೂರು ರಾಜ್ಯಕ್ಕೆ ದೊಡ್ಡ ಪ್ರಮಾಣದ ಕರೆಂಟು ಬಂದದ್ದೂ ಯಂತ್ರ ತಿರುಗಿಸುವುದಕ್ಕೇ. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿ ಸುಮಾರು 147 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರ ಆಗಸ್ಟ್‌ನಲ್ಲಿ. ನಮ್ಮ ಕಡೆ ಜೋಗದ ಬುಡದಲ್ಲಿ ಇಂದಿನ ಮಹಾತ್ಮಾ ಗಾಂಧಿ ವಿದ್ಯುದಾಗಾರ ತಿರುಗತೊಡಗಿದ್ದು 1940ರ ದಶಕದ ಕೊನೆಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಯೋಜನೆ ಎದ್ದಿತು. ದೊಡ್ಡ ಕಂಬಗಳು ತೋಟದ ನೆತ್ತಿಯ ಮೇಲೆ ಹಾದು ಹೋದವು, ಹಿನ್ನೀರಿನ ಆಚೆಯ ಎಷ್ಟೋ ಮನೆಗಳಿಗೆ ತಂತಿ ಬರಲು ದಶಕಗಳೇ ಹಿಡಿದವು. ಈ ನೋವನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ, ನಾನು ಎಳೆಯುವುದಿಲ್ಲ.

ಆಗ ಜನರೇಟರೆಂದರೆ ಮನೆಯ ವಸ್ತುವೇ ಅಲ್ಲ. ಟೂರಿಂಗ್ ಟಾಕೀಸಿನ ಹಿಂದೆ, ಯಕ್ಷಗಾನದ ಡೇರೆ ಮೇಳದ ಪಕ್ಕದಲ್ಲಿ, ಮದುವೆ ಚಪ್ಪರದಾಚೆ ಡಬಡಬ ಎನ್ನುವ ಡೀಸೆಲ್ ಎಂಜಿನ್ನು. ಅದರಿಂದ ಬೆಲ್ಟು ಹಾಕಿ ತಿರುಗಿಸುವ ಆಲ್ಟರ್ನೇಟರು. ಮನೆಗೆ ಕರೆಂಟ್ ಬಂದವರಿಗೂ ಅದು ಹೋದರೆ ಲಾಟೀನು ಸಾಕಾಗುತ್ತಿತ್ತು. ನಾಲ್ಕು ಬಲ್ಬು ಬಿಟ್ಟರೆ ಕಳೆದುಕೊಳ್ಳಲು ಮತ್ತೇನಿತ್ತು?

ಎಂಬತ್ತರ ದಶಕ ಈ ಲೆಕ್ಕ ತಪ್ಪಿಸಿತು. ರಾಯಚೂರು ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅಲ್ಲಿಯವರೆಗೆ ರಾಜ್ಯ ಹೆಚ್ಚುಕಡಿಮೆ ಪೂರ್ತಿಯಾಗಿ ಅಣೆಕಟ್ಟಿನ ನೀರನ್ನೇ ನಂಬಿತ್ತು. ಮಳೆ ಕೈಕೊಟ್ಟರೆ ಕರೆಂಟೂ ಕೈಕೊಟ್ಟಿತು ಎಂದೇ ಅರ್ಥ. ಅದೇ ಹೊತ್ತಿಗೆ ಮನೆಗಳಿಗೆ ಟಿ.ವಿ. ಬಂತು. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ರಾಮಾಯಣ, ಅದು ಮುಗಿದ ಕೆಲವೇ ತಿಂಗಳಿಗೆ ಮಹಾಭಾರತ. ರಾಮನ ಬಾಣ ಬಿಲ್ಲಿನಲ್ಲಿದ್ದಾಗ ಕರೆಂಟ್ ಹೋದರೆ ಊರಿಗೆ ಊರೇ ವಿದ್ಯುತ್ ಮಂಡಳಿ ಕೆಇಬಿಯನ್ನು ಶಪಿಸುತ್ತಿತ್ತು. ಶ್ರೀರಾಮ್ ಹೋಂಡಾ, ಬಿರ್ಲಾ ಯಮಹಾಗಳ ಸೂಟ್‌ಕೇಸಿನಷ್ಟು ದೊಡ್ಡ ಸೆಟ್ಟುಗಳು ನಮ್ಮ ಕಡೆಯ ಜಗಲಿ ಹತ್ತಿದ್ದು ಆ ಕಾಲದಲ್ಲೇ. ಐನೂರು, ಆರುನೂರು ವ್ಯಾಟಿನ ಸೆಟ್ಟು ಸಾಕಾಗುತ್ತಿತ್ತು: ಟಿ.ವಿ., ಎರಡು ಟ್ಯೂಬ್‌ಲೈಟು, ಒಂದು ಫ್ಯಾನು. ಫ್ಯಾನೂ ಮೋಟಾರೇ, ಆದರೆ ಎಪ್ಪತ್ತೈದು ವ್ಯಾಟಿನ ಸಾಧು ಪ್ರಾಣಿ.

ಆ ಸೆಟ್ಟುಗಳಲ್ಲಿ ಅನೇಕವು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ಮೊದಲು ಪೆಟ್ರೋಲಿಗೆ ತಿರುವಿ ಹಗ್ಗ ಎಳೆಯಬೇಕು. ಎಂಜಿನ್ ಬಿಸಿಯಾದ ಮೇಲೆ ನಲ್ಲಿ ಸೀಮೆಎಣ್ಣೆಯ ಕಡೆಗೆ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುವಿ ಸ್ವಲ್ಪ ಹೊತ್ತು ಓಡಿಸಿ, ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದ ಸೀಮೆಎಣ್ಣೆ ಖಾಲಿ ಮಾಡಬೇಕು. ಕರೆಂಟ್ ಬಂದ ಖುಷಿಯಲ್ಲಿ ಇದನ್ನು ಮರೆತು ಆಫ್ ಮಾಡಿದವರು ಮಾರನೆಯ ದಿನ ಹಗ್ಗ ಎಳೆದೆಳೆದು ತೋಳು ನೋವು ಮಾಡಿಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ಅಪ್ಪ ಬಟ್ಟಲು ಬಿಚ್ಚಿ, ಒಳಗಿನ ನೀಲಿ ಎಣ್ಣೆಯನ್ನು ಒಂದು ತಟ್ಟೆಗೆ ಸುರಿದು, ಪ್ಲಗ್ಗು ಒರೆಸಿ ಕೊಡುತ್ತಿದ್ದರು. ನೀಲಿ ಎಂದರೆ ರೇಷನ್ನಿನದು. ಯಾರ ಕಾರ್ಡಿನದು ಎಂದು ಕೇಳುವ ಪದ್ಧತಿ ಇರಲಿಲ್ಲ. ಮಳೆಗೆ ನೆನೆಯಬಾರದೆಂದು ಸೆಟ್ಟನ್ನು ಬಚ್ಚಲುಮನೆಯಲ್ಲಿ ಕೂರಿಸಿ ಬಾಗಿಲು ಹಾಕಿಕೊಳ್ಳುವವರ ಮೇಲೆ ಮಾತ್ರ ಅವರು ಗದರುತ್ತಿದ್ದರು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಆಳು ಕೂತಲ್ಲೇ ಒರಗಿಬಿಡುತ್ತಾನೆ.

ಇನ್ನೊಂದು ಕೆಟ್ಟ ರೂಢಿಯೂ ಆಗಲೇ ಬೆಳೆಯಿತು. ಜನರೇಟರಿನ ವೈರಿಗೆ ಎರಡೂ ಕಡೆ ಪಿನ್ನು ಕಟ್ಟಿ ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಇಡೀ ಮನೆ ಬೆಳಗುತ್ತದೆ ಎಂದು ಯಾರೋ ಕಂಡುಹಿಡಿದರು. ಬೆಳಗುತ್ತದೆ, ನಿಜ. ಮೇನ್ ಸ್ವಿಚ್ ತೆಗೆಯಲು ಮರೆತರೆ ಆ ಕರೆಂಟು ಹಿಮ್ಮುಖವಾಗಿ ಕಂಬಕ್ಕೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ಏರಿ, ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದವನನ್ನು ಹಿಡಿಯುತ್ತದೆ. ಮನೆಯನ್ನು ಕಂಬಕ್ಕೋ ಜನರೇಟರಿಗೋ ಒಂದಕ್ಕೇ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸದವರಿಗೆ ಅಪ್ಪ ಸೆಟ್ಟು ರಿಪೇರಿ ಮಾಡಿ ಕೊಡುತ್ತಿರಲಿಲ್ಲ. ಗಿರಾಕಿ ಮುನಿಸಿಕೊಂಡು ಬೇರೆ ಅಂಗಡಿಗೆ ಹೋದರೂ ಸರಿಯೇ.

ತೊಂಬತ್ತರ ದಶಕದಲ್ಲಿ ಫ್ರಿಜ್ಜು ಬಂತು, ಬಾವಿಗೆ ಒಂದು ಎಚ್‌ಪಿ ಪಂಪು ಬಂತು. ಅಳತೆಯ ತಲೆನೋವು ಶುರುವಾದದ್ದೇ ಇಲ್ಲಿ. ಗಿರಾಕಿ ಕಾಗದದ ಮೇಲೆ ಕೂಡಿಸಿಕೊಂಡು ಬರುತ್ತಿದ್ದ: ಐದು ಟ್ಯೂಬ್‌ಲೈಟು, ಚೋಕು ಸೇರಿ 250 ವ್ಯಾಟು; ಮೂರು ಫ್ಯಾನು, 225; ಟಿ.ವಿ. 100, ಫ್ರಿಜ್ಜು 150, ಪಂಪು 746. ಒಟ್ಟು ಒಂದೂವರೆ ಸಾವಿರಕ್ಕೂ ಕಡಿಮೆ, ಎರಡು ಕೆವಿಎ ಸೆಟ್ಟು ಧಾರಾಳ! ಸೆಟ್ಟು ತಂದು ಪಂಪಿನ ಸ್ವಿಚ್ಚು ಒತ್ತಿದರೆ ದೀಪವೆಲ್ಲ ಕೆಂಪಗಾಗಿ, ಎಂಜಿನ್ನು ಮುಕ್ಕರಿಸಿ, ಪಂಪು ತಿರುಗದೆ ಬರೀ ಹೂಂಗುಡುತ್ತ ನಿಲ್ಲುತ್ತಿತ್ತು. ಹೀಗೆ ನಿಂತ ಪಂಪಿನ ಕಾಯಿಲ್ ಸುಡಲು ಬಹಳ ಹೊತ್ತು ಬೇಡ. ನಮ್ಮ ರೀವೈಂಡಿಂಗ್ ಧಂದೆ ಚೆನ್ನಾಗಿ ನಡೆದದ್ದೇ ಆ ವರ್ಷಗಳಲ್ಲಿ.

746 ವ್ಯಾಟು ಎನ್ನುವುದು ಮೋಟಾರು ಹೊರಗೆ ಕೊಡುವ ಕೆಲಸ. ಅಷ್ಟು ಕೊಡಲು ಅದು ಒಳಗೆಳೆಯುವುದು ಸಾವಿರದ ಮೇಲೆ. ಅದಕ್ಕಿಂತ ಮುಖ್ಯವಾದದ್ದು ಮೊದಲ ಕ್ಷಣ. ಎತ್ತಿನಗಾಡಿಯನ್ನು ಹೊಂಡದಿಂದ ಎಬ್ಬಿಸುವಾಗ ಬೇಕಾದ ಬಲ ದಾರಿಯುದ್ದಕ್ಕೂ ಬೇಕಾಗುವುದಿಲ್ಲ. ಮೋಟಾರೂ ಹಾಗೆ, ನಿಂತಲ್ಲಿಂದ ಏಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕಂಬದ ದೊಡ್ಡ ತಂತಿಗೆ ಇದು ಲೆಕ್ಕಕ್ಕಿಲ್ಲ. ಪುಟ್ಟ ಎಂಜಿನ್ನಿಗೆ ಅದೇ ಪ್ರಾಣಸಂಕಟ. ಅಪ್ಪನ ಸೂತ್ರ ಸರಳ: ಓಡುವುದನ್ನೆಲ್ಲ ಕೂಡಿಸು, ಇದ್ದುದರಲ್ಲಿ ದೊಡ್ಡ ಮೋಟಾರಿನ ಏಳುವ ಲೆಕ್ಕವನ್ನು ಮೇಲೆ ಸೇರಿಸು, ಎಲ್ಲ ಒಟ್ಟಿಗೆ ಎಬ್ಬಿಸಬೇಡ. ಕೆವಿಎ ಅಂಕಿ ಕಂಡು ಉಬ್ಬಬೇಡ, ಡೀಸೆಲ್ ಸೆಟ್ಟಿನಲ್ಲಿ ಸಾಮಾನ್ಯವಾಗಿ ಅದರ ಶೇಕಡಾ 80 ಮಾತ್ರ ಕಿಲೋವ್ಯಾಟು. ಈ ಲೆಕ್ಕದಲ್ಲಿ ಪಂಪು ಬಿಟ್ಟರೆ ಎರಡು ಕೆವಿಎ ಸಾಕಾದ ಮನೆಗೆ, ಪಂಪು ಸೇರಿದ ಕೂಡಲೇ ಐದರ ಮೇಲೆ ಬೇಕು. ದಿನಕ್ಕೆ ಅರ್ಧ ಗಂಟೆ ಓಡುವ ಒಂದು ಪಂಪು ಇಡೀ ಸೆಟ್ಟಿನ ಬೆಲೆಯನ್ನು ಎರಡರಷ್ಟು ಮಾಡುತ್ತದೆ. ಮೇಲೊಂದು ತೊಟ್ಟಿ ಕಟ್ಟಿಸಿಕೊಳ್ಳಿ, ಕರೆಂಟಿದ್ದಾಗ ತುಂಬಿಸಿ, ಚಿಕ್ಕ ಸೆಟ್ಟು ತಗೊಳ್ಳಿ ಎಂದು ಹೇಳಿದರೆ ಕೇಳಿದವರು ಕಡಿಮೆ.

ಯಾಕೆಂದರೆ ಅಷ್ಟರಲ್ಲಿ ಜನರೇಟರಿಗೆ ಅಂತಸ್ತು ಬಂದಿತ್ತು. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಕೊಟ್ಟಿಗೆಯ ಪಕ್ಕ ಹತ್ತು, ಹದಿನೈದು ಕೆವಿಎ ಡೀಸೆಲ್ ಸೆಟ್ಟು ಇಳಿಯುತ್ತಿತ್ತು. ದೊಡ್ಡದಾದರೆ ತೊಂದರೆಯಿಲ್ಲ ಎಂಬುದು ಅವರ ನಂಬಿಕೆ. ತೊಂದರೆಯಿದೆ. ಡೀಸೆಲ್ ಎಂಜಿನ್ನಿಗೆ ತಕ್ಕಷ್ಟು ಹೊರೆ ಬೀಳದಿದ್ದರೆ ಒಳಗೆ ಕಾವೇರುವುದಿಲ್ಲ, ಎಣ್ಣೆ ಪೂರ್ತಿ ಉರಿಯುವುದಿಲ್ಲ. ಹದಿನೈದು ಕೆವಿಎ ಸೆಟ್ಟು ರಾತ್ರಿಯಿಡೀ ನಾಲ್ಕು ದೀಪ ಹೊತ್ತುಕೊಂಡು ಓಡಿದರೆ ಸೈಲೆನ್ಸರಿನಿಂದ ಕಪ್ಪು ಜಿಡ್ಡು ಸೋರತೊಡಗುತ್ತದೆ. ಇಂಥದ್ದೊಂದರ ಹೆಡ್ಡು ಬಿಚ್ಚಿದಾಗ ವಾಲ್ವಿನ ಮೇಲೆ ಕೂತ ಮಸಿಯನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯಬೇಕಾಗುತ್ತಿತ್ತು. ಮಾಲೀಕ ಎಂಜಿನ್ನಿನ ಗುಣವೇ ಸರಿಯಿಲ್ಲ ಎನ್ನುತ್ತಿದ್ದ.

ಅಬ್ಬಿ ನೀರಿದ್ದ ಕೆಲವು ಮನೆಗಳು ಇದ್ಯಾವುದರ ಗೊಡವೆಯಿಲ್ಲದೆ ಬೇರೆಯೇ ದಾರಿ ಹಿಡಿದವು. ಗುಡ್ಡದ ಹಳ್ಳದಿಂದ ಪೈಪು ಇಳಿಸಿ, ಮನೆಯ ಹಿಂದೆ ಪುಟ್ಟ ಟರ್ಬೈನ್ ಕೂರಿಸುವುದು. ಮಲೆನಾಡಿನಲ್ಲೂ ಕೊಡಗಿನಲ್ಲೂ ಒಂದು ಕಿಲೋವ್ಯಾಟಿನ ಇಂಥ ಯಂತ್ರಗಳು ಸರ್ಕಾರದ ಸಹಾಯಧನದೊಂದಿಗೆ ನೂರಾರು ಮನೆಗೆ ಬಂದವು. ಇಲ್ಲಿ ಅಳತೆ ಹೇಳುವುದು ಅಂಗಡಿಯಲ್ಲ, ಹಳ್ಳ. ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡು, ಎಷ್ಟು ಎತ್ತರದಿಂದ ಇಳಿಯುತ್ತದೆ, ಎರಡೇ ಪ್ರಶ್ನೆ. ಸೆಕೆಂಡಿಗೆ ಹತ್ತು ಲೀಟರ್ ನೀರು ಇಪ್ಪತ್ತು ಮೀಟರ್ ಇಳಿದರೆ ಅದರಲ್ಲಿರುವ ಶಕ್ತಿ ಎರಡು ಕಿಲೋವ್ಯಾಟಿಗೆ ಸ್ವಲ್ಪ ಕಡಿಮೆ. ಪೈಪು, ಟರ್ಬೈನು ಕಳೆದು ಕೈಗೆ ಸಿಗುವುದು ಒಂದರ ಆಸುಪಾಸು. ನೀರು ನಿಲ್ಲದೆ ಬರುವುದರಿಂದ ಮನೆಯಲ್ಲಿ ಬಳಸದ ಕರೆಂಟನ್ನು ಕಂಟ್ರೋಲರು ಹೀಟರ್ ಕಾಯಿಲಿಗೆ ತಿರುಗಿಸುತ್ತದೆ. ಹಂಡೆಯಲ್ಲಿ ಸದಾ ಬಿಸಿನೀರು. ಪಂಪು, ಫ್ರಿಜ್ಜು ಇದಕ್ಕೆ ಹಿಡಿಸುವುದಿಲ್ಲ, ಬೇಸಿಗೆಗೆ ಹಳ್ಳವೂ ಬತ್ತುತ್ತದೆ. ಆದರೂ ಮನೆಗೆ ಸರಿಹೊಂದುವ ಅಳತೆಯ ಜನರೇಟರೆಂದು ನಾನು ಒಪ್ಪುವುದಾದರೆ ಇದನ್ನೇ. ಇದ್ದಷ್ಟಕ್ಕೆ ಮನೆಯವರೇ ಹೊಂದಿಕೊಳ್ಳುತ್ತಿದ್ದರು.

ಪೇಟೆ ಮನೆಗಳಲ್ಲಿ ಬ್ಯಾಟರಿಯ ಯುಪಿಎಸ್ಸು ಬಂದು ಚಿಕ್ಕ ಸೆಟ್ಟುಗಳ ಕತೆ ಮುಗಿಸಿತು. ಶಬ್ದವಿಲ್ಲ, ಹಗ್ಗವಿಲ್ಲ, ಆಗಾಗ ಡಿಸ್ಟಿಲ್ಡ್ ವಾಟರ್ ಹೊಯ್ದರಾಯಿತು. ಮೊದಮೊದಲು ಬಂದ ಅಗ್ಗದವುಗಳ ಕರೆಂಟಿಗೆ ಫ್ಯಾನು ಗುಂಯ್ ಎನ್ನುತ್ತಿತ್ತು, ಸೈನ್ ವೇವ್‌ನವು ಬಂದ ಮೇಲೆ ಅದೂ ನಿಂತಿತು. ಡೀಸೆಲ್ ಸೆಟ್ಟಿನ ಗಲಾಟೆಗೆ ಕಾನೂನು ಬಂತು: 2005ರಿಂದ ತಯಾರಾಗುವ ಸೆಟ್ಟಿಗೆ ಕವಚ ಇರಬೇಕು, ಒಂದು ಮೀಟರ್ ದೂರದಲ್ಲಿ ಸದ್ದು 75 ಡೆಸಿಬೆಲ್ ದಾಟಬಾರದು. ಕವಚದಿಂದಾಗಿ ಬೆಲೆಯೂ ಭಾರವೂ ಏರಿ, ಮನೆಯವರು ಹಿಂಜರಿದರು. ಛತ್ರ, ಅಪಾರ್ಟ್‌ಮೆಂಟಿನವರು ಉಳಿದುಕೊಂಡರು.

ಹಳ್ಳಿಯಲ್ಲಿ ಮಾತ್ರ ಬೇಡಿಕೆ ಮತ್ತೆ ಎದ್ದದ್ದು ಅಡಿಕೆ ಸುಲಿಯುವ ಯಂತ್ರ ಬಂದಾಗ. ಕೊಯ್ದ ಅಡಿಕೆ ಕಾಯುವುದಿಲ್ಲ, ಕರೆಂಟು ಕಾಯಿಸುತ್ತದೆ. ಮತ್ತದೇ ಪ್ರಶ್ನೆ, ಮತ್ತದೇ ಎರಡು ಎಚ್‌ಪಿ ಮೋಟಾರು, ಬೆಂಚಿನ ಈಚೆ ಈಗ ನಾನು. ಈಚೆಗೆ ಒಂದು ವ್ಯತ್ಯಾಸ ಆಗಿದೆ. ಹೊಸ ಇನ್ವರ್ಟರ್ ಫ್ರಿಜ್ಜಿನ ಕಂಪ್ರೆಸರು ಧಡಕ್ಕನೆ ಏಳುವುದಿಲ್ಲ, ಮೆಲ್ಲಗೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಅದಕ್ಕೆ ಹಳೆಯ ಐದಾರು ಪಟ್ಟಿನ ಲೆಕ್ಕ ಬೇಕಿಲ್ಲ. ಸುಲಿಯುವ ಯಂತ್ರದ ಮೋಟಾರಿಗೂ ವೇಗ ನಿಯಂತ್ರಿಸುವ ಡ್ರೈವ್ ಹಾಕಿದರೆ ಅದೇ ರೀತಿ ಏಳುತ್ತದೆ, ಆಗ ಸೆಟ್ಟು ಅರ್ಧದಷ್ಟಾದರೂ ನಡೆಯುತ್ತದೆ. ಅದಕ್ಕೆ ಮೂರು ಫೇಸಿನ ಮೋಟಾರು ಬೇಕು, ಯಂತ್ರದ ಜೊತೆ ಬಂದದ್ದು ಸಿಂಗಲ್ ಫೇಸಿನದಾದರೆ ಬದಲಿಸಬೇಕು. ಎರಡೂ ಸೇರಿ ಏನಾಗ್ತು ಎಂದು ಕೇಳಿದವರಿಗೆ ಖರ್ಚು ಹೇಳುತ್ತೇನೆ. ಹೆಚ್ಚಿನವರು ಸ್ವಲ್ಪ ಯೋಚಿಸಿ, ದೊಡ್ಡ ಸೆಟ್ಟಿನ ರೇಟು ಎಷ್ಟು ಎಂದು ಮತ್ತೊಮ್ಮೆ ಕೇಳುತ್ತಾರೆ.