ಬೈಬಲ್ಲಿನ ಬೆಳಕು, ಕನ್ನಡದ ಹಾಡು

ಧರ್ಮಕಥೆ ಕಾವ್ಯವಾಗುವುದು ನಮ್ಮ ರನ್ನ ಬೆಳಗಲಿಯ ಜನಕ್ಕೆ ಹೊಸ ಸಂಗತಿಯೇನಲ್ಲ. ಬಳೆಗಾರರ ಮನೆತನದ ರನ್ನನು ಅತ್ತಿಮಬ್ಬೆಯ ಆಶ್ರಯದಲ್ಲಿ, 993ರಲ್ಲಿ, ಎರಡನೆಯ ತೀರ್ಥಂಕರನ ಚರಿತೆಯನ್ನು 'ಅಜಿತಪುರಾಣ'ವಾಗಿ ರಚಿಸಿದನು. ಅದೇ ಕವಿ ಮಹಾಭಾರತದ ಕಥೆಯಿಂದ 'ಗದಾಯುದ್ಧ'ವನ್ನೂ ಕಟ್ಟಿದನು. ಜೈನನಾದ ಕವಿಗೆ ವ್ಯಾಸರ ಕಥೆ ಪರಕೀಯವೆನಿಸಲಿಲ್ಲ. ಇಂಥ ಉದಾರವಾದ ಭಾಷೆಗೆ ಬೈಬಲ್ ಬಂದಾಗ ಏನಾಯಿತೆಂಬುದನ್ನು ನನ್ನ ವಿದ್ಯಾರ್ಥಿಗಳೂ ಬಂಧುಗಳೂ ತಿಳಿಯಬೇಕೆಂದು ಈ ಬರಹ.

ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನವರ ಶ್ರಮದಿಂದ 1831ರ ಹೊತ್ತಿಗೆ ಬೈಬಲ್ ಪೂರ್ಣವಾಗಿ ಕನ್ನಡಕ್ಕೆ ಬಂದಿತು. ಆದರೆ ಗದ್ಯದ ಅನುವಾದವೊಂದೇ ಜನರ ನಾಲಗೆಯ ಮೇಲೆ ನಿಲ್ಲುವುದಿಲ್ಲ. ಇದನ್ನರಿತವನು ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್. 1853ರಲ್ಲಿ ಭಾರತಕ್ಕೆ ಬಂದ ಈ ಜರ್ಮನ್ ವಿದ್ವಾಂಸನು ಯೇಸುವಿನ ಜೀವನವನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಿ, 1862ರಲ್ಲಿ 'ಕಥಾಮಾಲೆ'ಯನ್ನು ಹೊರತಂದನು. ಅವನ ಉದ್ದೇಶ ಮತಪ್ರಚಾರವೆಂಬುದರಲ್ಲಿ ಸಂಶಯವಿಲ್ಲ. ಆದರೂ ಆ ಆಸಕ್ತಿ ಅಲ್ಲಿಗೇ ನಿಲ್ಲದೆ, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯ ಸಂಪಾದನೆಯಾಗಿ, 1894ರಲ್ಲಿ ಮಹಾನಿಘಂಟಾಗಿ ಫಲಿಸಿತು. ಕಲಿಸಲು ಬಂದವನು ಕಲಿತನು.

ಮುಂದಿನ ಶತಮಾನದಲ್ಲಿ ಕನ್ನಡ ಕವಿಗಳೇ ಬೈಬಲ್ಲಿನತ್ತ ನಡೆದರು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು (1883-1963) ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿಸಿದರು. ಬುದ್ಧನ ಅಂತ್ಯವನ್ನು ಕುರಿತು 'ವೈಶಾಖಿ'ಯನ್ನು ಬರೆದರು. ಇಲ್ಲಿ ಮತಾಂತರದ ಮಾತಿಲ್ಲ. ಮಹಾತ್ಮರ ಮರಣದ ಮುಂದೆ ತಲೆಬಾಗಿದ ಕವಿಹೃದಯವಿದೆ.

ಪಂಡಿತರ ಕಾವ್ಯಕ್ಕಿಂತಲೂ ದೂರ ಸಾಗಿದ್ದು ಒಂದು ಪುಟ್ಟ ಪ್ರಾರ್ಥನೆ. 1833ರ ಜೂನಿನಲ್ಲಿ, ಸಿಸಿಲಿಯಲ್ಲಿ ಜ್ವರದಿಂದ ಬಳಲಿ ಚೇತರಿಸಿಕೊಂಡಿದ್ದ ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್, ಗಾಳಿಯಿಲ್ಲದೆ ಸಮುದ್ರದಲ್ಲಿ ನಿಂತ ಹಡಗಿನಲ್ಲಿ ಅದನ್ನು ಬರೆದನು. ತನ್ನ ಸಂಗ್ರಹದಲ್ಲಿ ಅದಕ್ಕೆ ಅವನಿಟ್ಟ ಶೀರ್ಷಿಕೆ 'ಮೇಘಸ್ತಂಭ'. ಐಗುಪ್ತದಿಂದ ಹೊರಟ ಇಸ್ರೇಲರಿಗೆ ದೇವರು ಹಗಲು ಮೇಘಸ್ತಂಭವಾಗಿ, ಇರುಳು ಅಗ್ನಿಸ್ತಂಭವಾಗಿ ದಾರಿ ತೋರಿದನೆಂಬ ವಿಮೋಚನಕಾಂಡದ ಕಥೆಯೇ ಅದರ ಮೂಲ. ಬಿ.ಎಂ.ಶ್ರೀಕಂಠಯ್ಯನವರು ಅದನ್ನು ಕನ್ನಡಿಸಿದರು. 1926ರ 'ಇಂಗ್ಲಿಷ್ ಗೀತಗಳು' ಸಂಕಲನದ ಆ ಪದ್ಯವೇ 'ಕರುಣಾಳು ಬಾ ಬೆಳಕೆ' ಎಂದು ಮನೆಮಾತಾಯಿತು. ಶಾಲೆಯ ಅಂಗಳದಿಂದ ಸುಗಮ ಸಂಗೀತದ ವೇದಿಕೆಯವರೆಗೆ ಅದು ಹಬ್ಬಿತು. ಮೂಲದಲ್ಲಾಗಲಿ ಅನುವಾದದಲ್ಲಾಗಲಿ ಯೇಸುವಿನ ಹೆಸರಿಲ್ಲ. ಕತ್ತಲಲ್ಲಿ ನಿಂತ ಮನುಷ್ಯನಿದ್ದಾನೆ, ಅವನು ಬೇಡುವ ಬೆಳಕಿದೆ.

ಒಮ್ಮೆ ಎಂಟನೆಯ ತರಗತಿಯ ಹುಡುಗನೊಬ್ಬನು, "ಗುರುಗಳೇ, ಇದು ಯಾವ ದೇವರ ಹಾಡು?" ಎಂದು ಕೇಳಿದ್ದನು. ಮೂಲದ ಕಥೆಯೆಲ್ಲವನ್ನೂ ಹೇಳಿದೆ. ಮರುದಿನ ಅವನು ಎಂದಿಗಿಂತ ಗಟ್ಟಿಯಾಗಿಯೇ ಹಾಡಿದನು. ಹಾಡಿನ ಮೂಲವನ್ನು ಮುಚ್ಚಿಟ್ಟರೆ ಐಕ್ಯ ಉಳಿಯುತ್ತದೆಂದು ಕೆಲವರು ಭಾವಿಸುತ್ತಾರೆ. ಮೂಲ ಅನ್ಯವಾದ್ದರಿಂದ ಹಾಡನ್ನೇ ಬಿಡಬೇಕೆನ್ನುವವರೂ ಇದ್ದಾರೆ. ಎರಡೂ ನನಗೆ ಒಪ್ಪಿಗೆಯಲ್ಲ. ಎಲ್ಲಿಂದ ಬಂದಿತೆಂದು ತಿಳಿದು ಹಾಡುವುದರಿಂದ ಹಾಡು ನಮ್ಮದಾಗದೆ ಹೋಗುವುದಿಲ್ಲ. ಮಕ್ಕಳು ಕೇಳಿದರೆ ಮರೆಮಾಚದೆ ಹೇಳಿರಿ. ಸಾವಿರ ವರ್ಷಗಳ ಹಿಂದೆ ನಮ್ಮೂರಿನ ಕವಿ ನಡೆದ ದಾರಿಯೂ ಅದೇ.